ಹೊಸಾದು ಬರ್ತೈತಂತ

ಯಂತ್ರ ಎಂದರೆ ನನಗೆ ಅಂಜಿಕೆ. ಯಂತ್ರ ಸುಡುತ್ತದೆ, ಕರೆಂಟು ಹೊಡೆಯುತ್ತದೆ, ಕೈ ಕಚ್ಚುತ್ತದೆ ಎಂಬ ಅಂಜಿಕೆ ಎಲ್ಲರಿಗೂ ಅಷ್ಟಿಷ್ಟು ಇರುತ್ತದೆ. ನನ್ನದು ಆ ಜಾತಿಯದಲ್ಲ. ನಾನು ಇವತ್ತು ಒಂದು ಯಂತ್ರ ಕೊಂಡು ಮನೆಗೆ ತಂದೆ ಎನ್ನಿ. ನಾಳೆ ಅದಕ್ಕಿಂತ ಸಣ್ಣದು, ಚೆಂದದ್ದು, ಅಗ್ಗದ್ದು ಅಂಗಡಿಗೆ ಬಂದು ಕೂಡುತ್ತದೆ. ನಾಡಿದ್ದು ಪಕ್ಕದ ಮನೆಯವರು ಅದನ್ನು ತರುತ್ತಾರೆ. ತಂದವರು ಸುಮ್ಮನಿರುತ್ತಾರೆಯೇ? ನಮ್ಮ ಮನೆಗೆ ಚಹಾಕ್ಕೆ ಬಂದು, ನಮ್ಮ ಯಂತ್ರವನ್ನು ಜಡ್ಡು ಬಿದ್ದವರನ್ನು ನೋಡುವ ಹಾಗೆ ನೋಡಿ, "ಇನ್ನೊಂದಿಷ್ಟ ತಡೀಬೇಕಿತ್ರಿ ನೀವು" ಎನ್ನುತ್ತಾರೆ. ಈ ಒಂದು ಮಾತಿಗೆ ಹೆದರಿ ನಾನು ಆಯುಷ್ಯದಲ್ಲಿ ಎಷ್ಟೋ ಯಂತ್ರಗಳನ್ನು ಕೊಳ್ಳದೆ ಬಿಟ್ಟಿದ್ದೇನೆ.

ಇದಕ್ಕೆ ನನ್ನ ಕಸುಬೂ ಕಾರಣ. ನಮ್ಮದು ಗೋವೆಯ ಡಿಚೋಲಿ ಪೇಟೆಯಲ್ಲಿ ಮೆಣಸಿನಕಾಯಿ ಅಂಗಡಿ. ನನ್ನ ಅಪ್ಪ ಬೆಳಗಾವಿಯಿಂದ ಘಟ್ಟ ಇಳಿದು ಬಂದು ಹಾಕಿದ್ದು. ಬ್ಯಾಡಗಿ ಕಾಯಿ, ಹುಣಸೆ, ಬೆಲ್ಲ ಮೇಲಿನಿಂದ ಬರುತ್ತವೆ, ನಾವು ಇಲ್ಲಿ ಮಾರುತ್ತೇವೆ. ಮೆಣಸಿನಕಾಯಿ ವ್ಯಾಪಾರ ನಡೆಯುವುದೇ ಗಾಳಿಮಾತಿನ ಮೇಲೆ. ಲಾರಿ ಡ್ರೈವರ್ ಚಹಾ ಕುಡಿಯುತ್ತಾ, "ಆ ಕಡೆ ಮಳಿ ಹತ್ತೇತಂತ್ರಿ, ಕಾಯಿ ಕರ್ರಗಾಗ್ಯಾವಂತ" ಎಂದರೆ ಸಾಕು, ಅಪ್ಪ ಚೀಲಗಳ ಮೇಲೆ ತಾಡಪತ್ರಿ ಎಳೆದು ಕೂತುಬಿಡುತ್ತಿದ್ದ. ದರ ಏರುವ ತನಕ ಗಿರಾಕಿಗೆ ಕಾಯಿ ತೋರಿಸುತ್ತಿರಲಿಲ್ಲ. "ದುಡಿದು ತಿನ್ನಾವ ಒಬ್ಬ, ತಡದು ತಿನ್ನಾವ ಇನ್ನೊಬ್ಬ. ನಾವು ತಡದು ತಿನ್ನಾವ್ರಪಾ" ಎಂದು ನನಗೆ ಕಲಿಸಿದ. ಮೆಣಸಿನಕಾಯಿಯ ಮಟ್ಟಿಗೆ ಅದು ಖರೆಯೇ ಇತ್ತು. ಅದೇ ಪಾಠವನ್ನು ನಾನು ಟಿವಿ, ಮಿಕ್ಸಿ, ಫ್ರಿಜ್ಜುಗಳಿಗೂ ಹಚ್ಚಿದೆ.

ಟಿವಿಯ ಕಥೆ ಕೇಳಿ. ಪೇಟೆಯ ಮನೆಗಳ ಮೇಲೆ ಆಂಟೆನಾ ಏಳತೊಡಗಿದಾಗ ನಾನೂ ಒಂದು ಕಪ್ಪು-ಬಿಳುಪಿನ ಟಿವಿ ನೋಡಿ ಬಂದೆ. ಅಷ್ಟರಲ್ಲಿ ಬಣ್ಣದ್ದು ಬರುತ್ತದಂತೆ ಎಂದು ಸುದ್ದಿ ಬಂತು. ತಡೆದೆ. ಬಣ್ಣದ್ದು ಬಂದಾಗ, ಅದರ ಬಣ್ಣ ಎರಡೇ ವರ್ಷಕ್ಕೆ ಹಾರಿಹೋಗಿ ಎಲ್ಲರ ಮುಖವೂ ಹಸಿರಾಗುತ್ತದಂತೆ ಎಂದರು. ಮತ್ತೆ ತಡೆದೆ. ಆಮೇಲೆ ಕೂತಲ್ಲಿಂದಲೇ ತಿರುಗಿಸುವಂಥದ್ದು ಬರುತ್ತದಂತೆ ಎಂದರು. ಇಷ್ಟರೊಳಗೆ ನಮ್ಮ ಮಗಳು ಎದುರು ಮನೆಯ ಕಿಟಕಿಗೆ ಆತು ನಿಂತು ಟಿವಿ ನೋಡುತ್ತಲೇ ಬೆಳೆದು, ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಹೋಗುವ ಮನೆಯಲ್ಲಿ ಟಿವಿ ಇದೆಯೋ ಇಲ್ಲವೋ ಎಂದು ಮದುವೆ ಮಾತುಕತೆಯಲ್ಲಿ ಅವಳೇ ಕೇಳಿಸಿದ್ದಳಂತೆ.

ಒಮ್ಮೊಮ್ಮೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಯೋಚಿಸುತ್ತೇನೆ. ನಾನು ಮಾರುವ ಈ ಮೆಣಸಿನಕಾಯಿಯೂ ಒಂದು ಕಾಲಕ್ಕೆ ಹೊಸ ಸಾಮಾನೇ. ಇದೇ ಗೋವೆಯ ದಂಡೆಗೆ ಪೋರ್ತುಗೀಸರ ಹಡಗಿನಲ್ಲಿ ಬಂದು ಇಳಿದದ್ದು. ಅದಕ್ಕೂ ಮೊದಲು ನಮ್ಮ ಹಿರಿಯರು ಕರಿಮೆಣಸು ಅರೆದು ಉಣ್ಣುತ್ತಿದ್ದರು. ಈ ಕೆಂಪು ಕಾಯಿ ತಿಂದರೆ ಕರುಳು ಸುಡುತ್ತದಂತೆ, ಹುಚ್ಚು ಹಿಡಿಯುತ್ತದಂತೆ ಎಂದು ಆಗಲೂ ಜನ ಆಡಿಕೊಂಡಿರಲೇಬೇಕು. ನನ್ನಂಥವನೊಬ್ಬ, ಇದಕ್ಕಿಂತ ಚಲೋ ಕಾಯಿ ಮುಂದಿನ ಹಡಗಿಗೆ ಬರುತ್ತದಂತೆ ಎಂದು ಕಾದು ಕೂತಿರಲೂಬೇಕು. ಅವನು ಸಪ್ಪನೆಯ ಸಾರು ಉಂಡೇ ಸತ್ತಿರುತ್ತಾನೆ. ಆದರೆ ಟಿವಿ ಇಲ್ಲದೆ ಯಾರೂ ಸಾಯುವುದಿಲ್ಲ, ಸಪ್ಪನೆಯ ಸಾರು ಉಂಡೂ ಬದುಕಬಹುದು. ನನ್ನ ತಡೆಯುವ ಚಟ ಜೀವದ ಹತ್ತಿರ ಬಂದದ್ದು ನನ್ನ ಹೆಂಡತಿ ಕಸ್ತೂರಿಯ ಕಿವಿಯ ವಿಷಯದಲ್ಲಿ.

ಅವಳ ಕಿವಿ ಒಮ್ಮೆಲೇ ಹೋಗಲಿಲ್ಲ. ಮೊದಲು ಕುಕ್ಕರಿನ ಸೀಟಿ ಕೇಳಿಸದಾಯಿತು. ಆಮೇಲೆ ಅಂಗಡಿಯಲ್ಲಿ ಗಿರಾಕಿ ಮಾತಾಡಿದರೆ ಬಲಗಿವಿ ಮುಂದೆ ಮಾಡತೊಡಗಿದಳು. ಅವಳ ದನಿ ದೊಡ್ಡದಾಯಿತು. ಮನೆಯ ಗುಟ್ಟೆಲ್ಲ ಪೇಟೆಗೆ ಕೇಳುವಂತಾಯಿತು. ನಾವು ಇದನ್ನು ನಗೆಯಲ್ಲೇ ತೇಲಿಸಿದೆವು. ಈ ಊರಲ್ಲಿ ಕೊಂಕಣಿ, ಮರಾಠಿ, ಹಿಂದಿ, ಕನ್ನಡ ನಾಲ್ಕನ್ನೂ ಕೇಳಿ ಕೇಳಿ ಕಿವಿಗೆ ಬೇಸರ ಬಂದಿರಬೇಕು ಎಂದು ನಾನೇ ಚೇಷ್ಟೆ ಮಾಡುತ್ತಿದ್ದೆ.

ಆ ನಗೆ ನಿಂತದ್ದು ಒಂದು ಮಧ್ಯಾಹ್ನ. ಡಿಚೋಲಿ ಗಣಿಯ ಊರು. ಅದಿರು ತುಂಬಿದ ಟ್ರಕ್ಕುಗಳು ಒಂದರ ಬಾಲಕ್ಕೆ ಒಂದು ಹತ್ತಿ ಓಡುತ್ತಿರುತ್ತವೆ. ರಸ್ತೆ, ಗಿಡ, ಒಣಹಾಕಿದ ಧೋತರ ಎಲ್ಲ ಕೆಂಪು. ನಮ್ಮ ಮನೆ ಆ ರಸ್ತೆಯ ಆಚೆ, ಅಂಗಡಿ ಈಚೆ. ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದೆ. ಕಸ್ತೂರಿ ನನ್ನ ಬುತ್ತಿ ಹಿಡಿದು ರಸ್ತೆ ದಾಟುತ್ತಿದ್ದಳು. ತಿರುವಿನಿಂದ ಟ್ರಕ್ಕು ಬಂತು. ಹಾರ್ನು ಹೊಡೆದ, ಹೊಡೆದ, ಹೊಡೆಯುತ್ತಲೇ ಇದ್ದ. ಅವಳು ತನ್ನ ಪಾಡಿಗೆ ನಡೆಯುತ್ತಿದ್ದಳು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಬ್ರೇಕು ಕಿರುಚಿತು, ಟ್ರಕ್ಕು ಅವಳ ಬೆನ್ನ ಹಿಂದೆಯೇ ನಿಂತಿತು, ಡ್ರೈವರ್ ತಲೆ ಹೊರಹಾಕಿ ಬೈದ. ಅವಳು ಸೆರಗು ಸರಿಮಾಡಿಕೊಂಡು ಬಂದು ಬುತ್ತಿ ಕೆಳಗಿಟ್ಟು, "ಯಾಕ್ರಿ, ಮಾರಿ ಹಿಂಗ್ಯಾಕ ಆಗೇತಿ?" ಎಂದಳು. ನಾನು ಚೀಲದ ಮೇಲೆ ಕೂತೆ. ಅವತ್ತು ಬುತ್ತಿ ಹಾಗೆಯೇ ಉಳಿಯಿತು.

ಮರುದಿನವೇ ಅವಳನ್ನು ಮ್ಹಾಪಸಾಕ್ಕೆ ಕರೆದುಕೊಂಡು ಹೋದೆ. ನಮ್ಮ ಕಡೆಯವರೇ ಆದ ಕಿವಿಯ ಡಾಕ್ಟರು ನೋಡಿದರು. ನರಗಳು ಸೋತಿವೆ, ಔಷಧವಿಲ್ಲ, ಮಷೀನು ಹಚ್ಚಿದರೆ ಕೇಳಿಸುತ್ತದೆ ಎಂದರು. ಆಗಿನ ಕಿವಿಯ ಮಷೀನು ನೀವು ನೋಡಿರಬಹುದು. ನಶ್ಯದ ಡಬ್ಬಿಗಿಂತ ದೊಡ್ಡದೊಂದು ಪೆಟ್ಟಿಗೆ, ಅದರಿಂದ ಒಂದು ವೈರು, ವೈರಿನ ತುದಿಗೆ ಕಿವಿಯಲ್ಲಿ ಇಡುವ ಗುಂಡಿ. ಡಾಕ್ಟರು ಅದನ್ನು ಕಸ್ತೂರಿಗೆ ಹಚ್ಚಿ, ಬೆನ್ನ ಹಿಂದೆ ನಿಂತು, ಸಣ್ಣ ದನಿಯಲ್ಲಿ "ಊಟ ಆತೇನ್ರಿ ಬಾಯಾರ?" ಎಂದರು. ಅವಳು ತಟ್ಟನೆ ತಿರುಗಿ "ಇನ್ನೂ ಇಲ್ರಿ" ಎಂದಳು. ಎಂದವಳು ನನ್ನನ್ನು ನೋಡಿದಳು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಡಾಕ್ಟರಿಗೆ, "ವಿಚಾರ ಮಾಡಿ ಬರ್ತೀವ್ರಿ" ಎಂದೆ. ವ್ಯಾಪಾರಿಯ ಬಾಯಿಂದ ಅದೊಂದು ಮಾತು ತಾನಾಗಿಯೇ ಬರುತ್ತದೆ.

ವಿಚಾರ ಮಾಡಲು ನನಗೆ ಸಿಕ್ಕವನು ಇನಾಸ. ನಮ್ಮ ಅಂಗಡಿಯ ಹಿಂದೆಯೇ ಅವನ ಮನೆ. ಹಡಗಿನ ಅಡುಗೆಮನೆಯಲ್ಲಿ ಕೆಲಸ. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ, ಹೋಗುವಾಗ ನಮ್ಮ ಖಾರದ ಪುಡಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಜಪಾನಿನ ಬಂದರು, ಸಿಂಗಾಪುರದ ಪೇಟೆ ಎಲ್ಲವೂ ಅವನ ಬಾಯಲ್ಲಿದ್ದವು. ಗಾಳಿಮಾತಿಗೆ ಒಂದು ಗುಣ ಇದೆ: ದೂರದಿಂದ ಬಂದಷ್ಟೂ ತೂಕ ಜಾಸ್ತಿ. ಬ್ಯಾಡಗಿಯಿಂದ ಬಂದ ಸುದ್ದಿಯನ್ನೇ ನಂಬಿ ಬದುಕಿದವನು ಸಿಂಗಾಪುರದ್ದನ್ನು ಹೇಗೆ ನಂಬದಿರಲಿ? ನಾನು ಮಷೀನಿನ ವಿಷಯ ಎತ್ತಿದ ಕೂಡಲೇ ಇನಾಸ ಕೈ ಅಡ್ಡ ಹಿಡಿದ. "ರಾವ್ ರೇ, ನವೆಂ ಯೆತಾ" ಎಂದ. ತಡಿಯಪ್ಪ, ಹೊಸದು ಬರುತ್ತದೆ ಎಂದು. ತೊಗರಿಬೇಳೆಯಷ್ಟೇ ಇರುತ್ತದಂತೆ, ವೈರಿಲ್ಲವಂತೆ, ಕಿವಿಯೊಳಗೆ ಇಟ್ಟರೆ ಹೊರಗೆ ಕಾಣುವುದೇ ಇಲ್ಲವಂತೆ. ಅದು ಬಂತೆಂದರೆ ಈ ಪೆಟ್ಟಿಗೆಗಳನ್ನು ಗುಜರಿಯವನೂ ಮುಟ್ಟುವುದಿಲ್ಲವಂತೆ.

ಒಂದು ಗಾಳಿಮಾತಿಗೆ ಜಾಗ ಕೊಟ್ಟರೆ ಅದು ತನ್ನ ಬಳಗವನ್ನೆಲ್ಲ ಕರೆದುಕೊಂಡು ಬರುತ್ತದೆ. ಮಷೀನು ಹಚ್ಚಿಕೊಂಡರೆ ಇದ್ದಷ್ಟು ಕಿವಿಯೂ ಸೋಮಾರಿಯಾಗುತ್ತದಂತೆ ಎಂದ ಬಸ್ ಕಂಡಕ್ಟರ್. ಬ್ಯಾಟರಿಯ ಬಿಸಿ ಮಿದುಳಿಗೆ ಏರುತ್ತದಂತೆ ಎಂದ ರೇಡಿಯೋ ರಿಪೇರಿಯವನು. ಎಲ್ಲಕ್ಕಿಂತ ನನ್ನನ್ನು ನಡುಗಿಸಿದ್ದು ವಾಳಪೈ ಕಡೆಯ ಒಬ್ಬ ಗಿರಾಕಿ ತಂದ ಸುದ್ದಿ: ಅಲ್ಲೊಬ್ಬಳು ಮಷೀನು ಹಚ್ಚಿಕೊಂಡು ಗುಡುಗಿನಲ್ಲಿ ಅಂಗಳಕ್ಕೆ ಬಂದಾಗ ಸಿಡಿಲು ಆ ವೈರು ಹಿಡಿದು ಕಿವಿಗೆ ಇಳಿಯಿತಂತೆ. ನಾನು ಅವಳ ಹೆಸರೇನು, ಯಾವ ಊರು ಎಂದು ಕೇಳಲಿಲ್ಲ. ಹೆದರುವವನಿಗೆ ಅಷ್ಟು ವಿವರ ಬೇಕಾಗುವುದಿಲ್ಲ.

ಹೀಗೆ ಎರಡು ಭಯಗಳ ನಡುವೆ ಸಿಕ್ಕಿಬಿದ್ದೆ. ಮಷೀನು ತಂದರೆ ಸಿಡಿಲು, ತರದಿದ್ದರೆ ಟ್ರಕ್ಕು. ತರುವ ತನಕ ಅವಳನ್ನು ನಾನೇ ಕಾಯುವುದೆಂದು ನಿಶ್ಚಯಿಸಿದೆ. ಬೆಳಿಗ್ಗೆ ಅವಳ ಮೊಣಕೈ ಹಿಡಿದು, ಟ್ರಕ್ಕು ಬರುವ ಮಗ್ಗುಲಿಗೆ ನಾನು ನಿಂತು ರಸ್ತೆ ದಾಟಿಸುವುದು. ಸಂಜೆ ಹಾಗೆಯೇ ತಿರುಗಿ ಮುಟ್ಟಿಸುವುದು. ಲಗ್ನವಾದ ಹೊಸದರಲ್ಲೂ ಇವರು ಹೀಗೆ ಕೈ ಹಿಡಿದು ಅಡ್ಡಾಡಿದ್ದಿಲ್ಲ ಎಂದು ಪೇಟೆಯವರು ನಕ್ಕರು. ನಗಲಿ. ಶುಕ್ರವಾರ ನಾನು ಮ್ಹಾಪಸಾದ ಸಂತೆಗೆ ಹೋಗಲೇಬೇಕು. ಆ ದಿನ ಬಸ್ಸಿನಲ್ಲಿ ಕೂತು ಕಿಟಕಿಯಿಂದ ಎದುರು ಬರುವ ಪ್ರತಿ ಟ್ರಕ್ಕನ್ನೂ ನೋಡುತ್ತಿದ್ದೆ. ಇದು ಡಿಚೋಲಿಗೆ ಹೊರಟಿದೆ, ಇದೂ ಹೊರಟಿದೆ ಎಂದು ಎಣಿಸುತ್ತಿದ್ದೆ. ಸಂತೆಯಲ್ಲಿ ಯಾರಾದರೂ ಡಿಚೋಲಿಯವರು ಅವಸರದಿಂದ ನನ್ನ ಕಡೆ ಬಂದರೆ ಕೈಯ ತಕ್ಕಡಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದೆ. ಅವರು ಕಾಯಿಯ ದರ ಕೇಳಲು ಬಂದಿರುತ್ತಿದ್ದರು.

ಕಸ್ತೂರಿ ಮಷೀನು ಬೇಕೆಂದು ಬಾಯಿ ಬಿಟ್ಟು ಕೇಳಲಿಲ್ಲ. ಒಮ್ಮೆ ಮಾತ್ರ, ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು ಸಿಡಿಲಿನ ಕಥೆ ಒದರಿದಾಗ, ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನನಗ ಕೇಳಸೂದಿಲ್ಲ, ಖರೆ. ಆದ್ರ ಕೇಳಿದ್ದನ್ನೆಲ್ಲಾ ನಂಬೂ ಜಡ್ಡು ನನಗಿಲ್ಲ. ಯಾವ ಜಡ್ಡು ಚಲೋ ಅನ್ನೂದು ನೀವ ವಿಚಾರ ಮಾಡ್ರಿ." ನಾನು ವಿಚಾರ ಮಾಡುತ್ತಲೇ ಇದ್ದೆನಲ್ಲ, ಅದೇ ತೊಂದರೆ.

ಕೊನೆಗೆ ಊರ ಗುಡಿಯ ದೇವಿಯನ್ನೇ ಕೇಳುವುದೆಂದು ನಿಶ್ಚಯವಾಯಿತು. ನಮ್ಮ ಕಡೆ ಹೂ ಕೇಳುವುದು ಎನ್ನುತ್ತಾರೆ. ಗೋವೆಯಲ್ಲಿ ಪ್ರಸಾದ ಹಚ್ಚುವುದು ಎನ್ನುತ್ತಾರೆ. ದೇವಿಯ ಕಲ್ಲಿನ ಮೂರ್ತಿಗೆ ಪೂಜಾರಿ ನೀರು ಹಾಕಿ, ಎಡಕ್ಕೂ ಬಲಕ್ಕೂ ಹೂವಿನ ಎಸಳು ಅಂಟಿಸುತ್ತಾನೆ. ನೀವು ಕೇಳುವುದನ್ನು ಕೇಳಬೇಕು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಮದುವೆ, ಮನೆ ಪಾಯ, ಕೋರ್ಟಿನ ಕೆಲಸ ಎಲ್ಲಕ್ಕೂ ಜನ ಕೇಳುತ್ತಾರೆ. ಬ್ಯಾಟರಿ ಮಷೀನಿನ ಮಾಡೆಲ್ಲಿನ ಬಗ್ಗೆ ಕೇಳಿದವನು ನಾನೊಬ್ಬನೇ ಇರಬೇಕು. ಕಸ್ತೂರಿಗೆ, "ಮಷೀನಿಂದು ದೇವೀನ್ನ ಕೇಳೋಣು ಬಾ" ಎಂದಷ್ಟೇ ಹೇಳಿದೆ. ಅವಳು ಹೊಸ ಸೀರೆ ಉಟ್ಟು ಬಂದಳು.

ಪೂಜಾರಿ ಮುದುಕ, ತಾಳ್ಮೆಯ ಮನುಷ್ಯ. ನಾನು ಸಣ್ಣ ದನಿಯಲ್ಲಿ ಕೊಂಕಣಿಯಲ್ಲಿ, ಈಗ ತರಬೇಕೋ ಅಥವಾ ಹೊಸದು ಬರುವತನಕ ಕಾಯಬೇಕೋ ಎಂದು ಶುರುಮಾಡಿದೆ. ಅವನು ತಲೆ ಅಲ್ಲಾಡಿಸಿದ. ದೇವಿಗೆ ಎರಡು ಪ್ರಶ್ನೆ ಒಟ್ಟಿಗೆ ನಡೆಯುವುದಿಲ್ಲ, ಹೂಂ ಇಲ್ಲವೇ ಊಹೂಂ ಎನ್ನುವಂಥದ್ದು ಒಂದೇ ಕೇಳು ಎಂದ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ನನ್ನ ಬಾಯಿಗೆ ಬಂದದ್ದು ಅಪ್ಪನ ಪ್ರಶ್ನೆಯೇ: "ಕಾಯಲೇನು?" ಪೂಜಾರಿ ಅದನ್ನು ದೇವಿಗೆ ಒಪ್ಪಿಸಿದ. ಘಟ್ಟದ ಮೇಲಿನಿಂದ ಬಂದ ನಿನ್ನ ಮಗ ಹೀಗೆ ಕೇಳುತ್ತಿದ್ದಾನೆ, ತಾಯಿ, ಇವನು ಕಾಯಬೇಕೆಂದರೆ ಬಲದ ಎಸಳು ಕೊಡು ಎಂದ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಎಡದ ಎಸಳು ಸ್ವಲ್ಪ ಜಾರಿ ನಿಂತಿತು. ಆಮೇಲೆ ಬಲದ್ದು ಮೆಲ್ಲಗೆ ಬಿಟ್ಟುಕೊಂಡು ಕೆಳಗೆ ಬಿತ್ತು. ಕಾಯು ಎಂದಿದ್ದಳು ದೇವಿ.

ನಾನು ಉಸಿರು ಬಿಡುವಷ್ಟರಲ್ಲಿ ಪಕ್ಕದಿಂದ ಕಸ್ತೂರಿಯ ದನಿ ಎದ್ದಿತು. ಅವಳ ದನಿ ಎಂದರೆ ಗೊತ್ತಲ್ಲ, ಗುಡಿಯೆಲ್ಲ ಕೇಳಿಸಿತು. "ತಾಯಿ ಹೂಂ ಅಂದ್ಲು ನೋಡ್ರಿ. ಬಲಕ್ಕ ಬಿತ್ತು. ನಾಳೆ ಹೋಗಿ ತರೂಣು." ಕೈ ಮುಗಿದು ನಿಂತಿದ್ದಳು, ಕಣ್ಣಲ್ಲಿ ನೀರಿತ್ತು. ನಾನು ಮಷೀನು ತರಲೇ ಎಂದು ಕೇಳಿದೆನೆಂದು ತಿಳಿದಿದ್ದಳು. ಅಲ್ಲ ಮಾರಾಯ್ತಿ, ನಾನು ಕೇಳಿದ್ದು ಅದಲ್ಲ ಎಂದು ಹೇಳಬೇಕಾದರೆ ಗುಡಿಯಲ್ಲಿದ್ದ ಅಷ್ಟೂ ಜನರ ಎದುರು ಅವಳ ಕಿವಿಯಲ್ಲಿ ಒದರಬೇಕು. ಪೂಜಾರಿಯ ಮುಖ ನೋಡಿದೆ. ಅವನಿಗೂ ನಮ್ಮ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು. ಅವನು ನನ್ನ ಅಂಗೈಗೆ ತೀರ್ಥ ಹಾಕಿ ಬೇರೆ ಕಡೆ ತಿರುಗಿದ. ದೇವಿಯ ಕೋಪ ಬಂದರೆ ಮುಂದೆ ಯಾವಾಗಲೋ ಬಂದೀತು, ಆದರೆ ಈ ಮುಖ ಈಗ ಬಾಡಿದರೆ ನಾನು ನೋಡಲಾರೆ ಎನಿಸಿತು. ಮರುದಿನ ಮಷೀನು ತಂದೆ.

ಅದನ್ನು ಇಟ್ಟುಕೊಳ್ಳಲು ಕಸ್ತೂರಿ ಖಣದ ಬಟ್ಟೆಯಲ್ಲಿ ಒಂದು ಸಣ್ಣ ಚೀಲ ಹೊಲಿದು ಕೊರಳಿಗೆ ಹಾಕಿಕೊಂಡಳು. ಮೊದಲ ದಿನ ಮಷೀನು ಹಚ್ಚಿಕೊಂಡು ರಸ್ತೆಯ ಅಂಚಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಟ್ರಕ್ಕುಗಳು ಹೋಗುತ್ತಲೇ ಇದ್ದವು. ಎರಡು ಹೆಜ್ಜೆ ಹಿಂದೆ ಸರಿದು ನನ್ನ ಅಂಗಿಯ ತೋಳು ಹಿಡಿದಳು. "ಇಷ್ಟ ಗದ್ಲ ಇತ್ತೇನ್ರಿ ಇಲ್ಲಿ? ನಾ ಇದರಾಗ ಅಡ್ಡಾಡತಿದ್ನೇನು?" ಎಂದಳು. ಅವಳ ಮುಖದಲ್ಲಿ ಹೆದರಿಕೆ ಕಂಡು ನನಗೆ ಎಷ್ಟೋ ದಿನಗಳ ಮೇಲೆ ಸಮಾಧಾನವಾಯಿತು. ಆ ರಸ್ತೆಗೆ ಹೆದರಲು ಇಷ್ಟು ದಿನ ನಾನೊಬ್ಬನೇ ಇದ್ದೆ.

ಆದರೆ ಹೆದರುವುದನ್ನು ನಾನು ಬಿಡಲಿಲ್ಲ. ಟ್ರಕ್ಕಿನ ಭಯ ಹೋದ ಜಾಗಕ್ಕೆ ದೇವಿಯ ಭಯ ಬಂದು ಕೂತಿತು. ಕಾಯು ಎಂದವಳ ಮಾತು ಮೀರಿ ತಂದ ಸಾಮಾನು ಅದು. ದೂರದಲ್ಲಿ ಸಣ್ಣಗೆ ಗುಡುಗಿದರೆ ಓಡಿಹೋಗಿ ಕಸ್ತೂರಿಯ ಕಿವಿಯಿಂದ ಗುಂಡಿ ತೆಗೆಸುತ್ತಿದ್ದೆ. ಅವಳಿಗೆ ನೆಗಡಿಯಾದರೆ ದೇವಿಯ ಕಡೆ ಕೈ ಮುಗಿಯುತ್ತಿದ್ದೆ. ಮೆಣಸಿನಕಾಯಿ ಅಂಗಡಿಯಲ್ಲಿ ಕೂತವರಿಗೆ ಸೀನು ಬರುವುದು ದಿನದ ಮಾತು. ನಾನು ಪ್ರತಿ ಸೀನಿಗೂ ಬೆಚ್ಚುತ್ತಿದ್ದೆ. ಆ ಗುಡಿಯ ಮುಂದೆ ಹೋಗುವಾಗ ತಲೆ ಕೆಳಗೆ ಹಾಕಿ ನಡೆಯುತ್ತಿದ್ದೆ. ಮಷೀನಿಗೆ ಏನೂ ಆಗಲಿಲ್ಲ, ಕಸ್ತೂರಿಗೂ ಏನೂ ಆಗಲಿಲ್ಲ. ಏನೂ ಆಗದಿದ್ದರೆ ನನ್ನಂಥವನಿಗೆ ಇನ್ನೂ ಅಂಜಿಕೆ, ಒಟ್ಟಿಗೇ ಏನಾದರೂ ಬರಲಿಕ್ಕಿದೆ ಎಂದು.

ಬಂದದ್ದು ಇನಾಸ, ಮತ್ತೆ ರಜೆಗೆ. ತೊಗರಿಬೇಳೆಯಂಥದ್ದು ಬಂತೇನಪ್ಪ ಎಂದೆ. ಬಂದಿದೆ, ಆದರೆ ತೊಗರಿಬೇಳೆಯಷ್ಟಲ್ಲ, ಅವರೆಕಾಳಿನಷ್ಟು ಎಂದ. ಕೂಡಲೇ ಕೈ ಅಡ್ಡ ಹಿಡಿದು, ಅದನ್ನು ತಗೋಬೇಡ, ಅದರ ಹಿಂದೆ ಇನ್ನೊಂದು ಬರುತ್ತದಂತೆ, ಅದಕ್ಕೆ ಬ್ಯಾಟರಿಯೇ ಬೇಡವಂತೆ ಎಂದ. ನನ್ನ ತಲೆಯಲ್ಲಿ ಬೇರೆಯದೇ ಲೆಕ್ಕ ಓಡಿತು. ಹೊಸದರ ನೆಪದಲ್ಲಿ ದೇವಿಯ ಎದುರು ಮತ್ತೊಮ್ಮೆ ನಿಂತು, ಹಿಂದಿನದನ್ನು ಮಾಫಿ ಮಾಡಿಸಿಕೊಂಡು ಬರಬಹುದಲ್ಲ?

ಇನಾಸ ಹೋದ ಮೇಲೆ, ಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದ ಕಸ್ತೂರಿಗೆ ಹೇಳಿದೆ, "ಹೊಸಾದು ಬಂದೈತಂತ. ದೇವೀನ್ನ ಇನ್ನೊಮ್ಮೆ ಕೇಳೋಣೇನು?"

"ಕೇಳೋಣು ಬರ್ರಿ" ಎಂದಳು, ಕೈಯ ಕೆಲಸ ನಿಲ್ಲಿಸದೆ. "ಹ್ವಾದ ಸಲದಂಗ ನೀವು ನಿಮ್ದು ಕೇಳ್ರಿ, ನಾ ನಂದು ಕೇಳ್ತೀನಿ."

"ನಂದು ಅಂದ್ರ?" ಎಂದೆ.

"ನೀವು ಕಾಯಲೇನು ಅಂತ ಕೇಳಿದ್ರಿ. ಅದನ್ನ ತಿಳ್ಕೊಳ್ಳಾಕ ಕಿವಿ ಯಾಕ ಬೇಕ್ರಿ? ಇಷ್ಟ ವರ್ಷ ಸಂಸಾರ ಮಾಡೇನಿ. ಅದಕ್ಕ ನಾನೂ ಮನಸಿನ್ಯಾಗ, ಮಷೀನ ತರಲೇನು ತಾಯಿ ಅಂತ ಕೇಳಿದ್ದೆ. ಬಲಕ್ಕ ಬಿತ್ತು. ನಂದಕ್ಕ ಹೂಂ ಅಂದಳು ಅನಕೊಂಡೆ."

ಇಷ್ಟು ದಿನ ಗುಡುಗಿಗೆ ಓಡಿದವನು, ಸೀನಿಗೆ ಬೆಚ್ಚಿದವನು ನಾನು. ಆದರೂ ವ್ಯಾಪಾರಿ; ಎರಡೂ ಕಡೆಯ ದರ ಕೇಳದೆ ಬಿಡಲಾಗಲಿಲ್ಲ. "ಎಡಕ್ಕ ಬಿದ್ದಿದ್ರ?" ಎಂದೆ.

"ಎಡಕ್ಕ ಬಿದ್ದಿದ್ರ ನಿಮ್ದಕ್ಕ ಉತ್ತರಾ ಕೊಟ್ಲು ಅಂತಿದ್ದೆ. ಕಾಯಬ್ಯಾಡ ಅಂದ್ಲು, ನಾಳೆ ಹೋಗಿ ತರೂಣು ಅಂತಿದ್ದೆ" ಎಂದಳು ಕಸ್ತೂರಿ, ಮುರಿದ ತೊಟ್ಟುಗಳನ್ನು ಮೊರದಿಂದ ಕೊಡವುತ್ತಾ.

ಆವತ್ತಿನಿಂದ ಆ ಗುಡಿಯ ಮುಂದೆ ತಲೆ ಎತ್ತಿ ನಡೆಯುತ್ತೇನೆ. ದೇವಿಯ ಮೇಲಿನ ನನ್ನ ಭಯ ಇಳಿಯಿತು. ಪೂರ್ತಿ ಹೋಯಿತೆಂದು ಹೇಳಲಾರೆ. ಒಂದಿಷ್ಟು ಕಸ್ತೂರಿಯ ಕಡೆಗೆ ಸರಿದಿದೆ.